ಕುದುರೆಯ ಬಲ ಮುಂಗಾಲಿನ ಕೀವು: ಕಳ್ಳ ಸಿಕ್ಕಿದ

ಮೂರನೇ ಸಲವೂ ಅದೇ ಜಾಗ. ಟೋ (ಗೊರಸಿನ ಮುಂತುದಿ) ನಡುವಿನಿಂದ ಒಂದು ಬೆರಳು ಒಳಬದಿಗೆ ಟೆಸ್ಟರ್ (ನೋವಿನ ಜಾಗ ಹುಡುಕುವ ಇಕ್ಕಳ) ಒತ್ತಿದ ಕೂಡಲೇ ಕಾಲು ಕಿತ್ತುಕೊಳ್ಳುವುದು, ಗೊರಸಿನ ಮೇಲಿನ ಗಂಟಿನ ಹಿಂದೆ ನಾಡಿ ಡಬಡಬ. ಕೊರೆದರೆ ಕಪ್ಪು ನೀರು, ಮೂಗು ಮುಚ್ಚುವ ನಾತ. ಎಪ್ಸಮ್ ಸಾಲ್ಟ್, ಮಗುವಿನ ಡೈಪರ್, ಡಕ್ಟ್ ಟೇಪ್: ಕೀವೆಳೆಯಲು ಗೊರಸಿಗೆ ಕಟ್ಟುವ ಈ ಸಂಸಾರ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ದಿನಕ್ಕೆ ಕುದುರೆ ಚೆನ್ನಾಗಿ ನಡೆಯುತ್ತದೆ, ಐದಾರು ವಾರಕ್ಕೆ ಮತ್ತೆ ಮೂರು ಕಾಲು. ಲಾಭ ಟೇಪ್ ಅಂಗಡಿಗೆ ಮಾತ್ರ.

ಮಳೆಯನ್ನು ಬಯ್ಯುವುದು ಸುಲಭ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಆಟಿಯಲ್ಲಿ (ಜುಲೈ-ಆಗಸ್ಟ್) ಲಾಯದ ಎದುರಿನ ಕೆಂಪುಕಲ್ಲಿನ ಪುಡಿ ರಾಗಿ ಅಂಬಲಿಯ ಹಾಗೆ. ಆದರೆ ಉಳಿದ ಮೂರು ಕಾಲೂ ಅದೇ ಅಂಬಲಿಯಲ್ಲೇ ನಿಂತದ್ದಲ್ಲವಾ ಮಾರಾಯ್ರೆ?

ಗೊರಸಿನ ಮುಂಗೋಡೆಗೆ ನೆಟ್ಟಗೆ ತಂತಿ ಅಂಟಿಸಿ, ಕಾಲನ್ನು ಮರದ ತುಂಡಿನ ಮೇಲಿಟ್ಟು, ಬದಿಯಿಂದ ಎಕ್ಸ್‌ರೇ ತೆಗೆಸಿದಾಗ ವಿಷಯ ಹೊರಗೆ ಬಂತು. ತಂತಿಯೂ ಒಳಗಿನ ಮೂಳೆಯ ಮುಖವೂ ಸಮಾನಾಂತರ ಇರಬೇಕು; ಇಲ್ಲಿ ಕೆಳಗೆ ಹೋದಂತೆ 7 ಡಿಗ್ರಿ ಅಗಲ. ಸೋಲ್ (ಗೊರಸಿನ ಅಡಿ) ದಪ್ಪ 15 ಮಿ.ಮೀ. ಆದರೂ ಬೇಕು, ಇದ್ದದ್ದು 9. ಗೋಡೆಯೂ ಸೋಲೂ ಸೇರುವ ವೈಟ್ ಲೈನ್ ಹಿಮ್ಮಡಿ ಕಡೆ 3 ಮಿ.ಮೀ. ಅಗಲ, ಟೋದಲ್ಲಿ 11. ಸದ್ದಿಲ್ಲದ ಹಳೇ ಲ್ಯಾಮಿನೈಟಿಸ್, ಅಂದರೆ ಗೋಡೆಯನ್ನು ಮೂಳೆಗೆ ಹಿಡಿದಿಡುವ ಪದರದ ಉರಿಯೂತ. ಎಡಗಾಲಲ್ಲೂ 3 ಡಿಗ್ರಿ ಉಂಟು, ಅದು ಇನ್ನೂ ಬಾಯಿ ಬಿಟ್ಟಿಲ್ಲ.

ಉದ್ದ ಟೋ ಪ್ರತಿ ಹೆಜ್ಜೆಗೂ ಹಾರೆಯಂತೆ ಗೋಡೆಯನ್ನು ಮೀಟುತ್ತದೆ, ವೈಟ್ ಲೈನ್ ಹರಿಯುತ್ತದೆ, ಆ ಬಿರುಕಿಗೆ ಕೆಸರು ಇಳಿಯುತ್ತದೆ. ಎರಡನೇ ಸಲ ಬಿರುಕನ್ನು ಅಕ್ರಿಲಿಕ್‌ನಿಂದ ಮುಚ್ಚಿದ್ದು ಶುದ್ಧ ದಡ್ಡತನ. ಗಾಳಿ ಬೇಡದ ಬ್ಯಾಕ್ಟೀರಿಯಾಕ್ಕೆ ಬಾಡಿಗೆಯಿಲ್ಲದ ಮನೆ ಕಟ್ಟಿಕೊಟ್ಟಂತೆ.

ಈಗ ಗೊರಸಿನ ಟ್ರಿಮ್ ಎಂಟು ವಾರಕ್ಕಲ್ಲ, ನಾಲ್ಕಕ್ಕೆ. ಟೋ ನಡುವನ್ನು 12 ಎಂದಿಟ್ಟುಕೊಂಡರೆ ಗಡಿಯಾರದ 10ರಿಂದ 2ರವರೆಗೆ ಗೋಡೆಯನ್ನು ಹೊರಗಿನಿಂದ ರಾಸ್ಪ್ ಮಾಡಿ (ಒರಟು ಅರದಿಂದ ಉಜ್ಜಿ) ಓರೆ ತೆಗೆಯುವುದು; ಗಟ್ಟಿ ನೆಲದಲ್ಲಿ ನಿಲ್ಲಿಸಿದಾಗ ಟೋ ಅಡಿಗೆ ಎರಡು ರೂಪಾಯಿ ನಾಣ್ಯ ತೂರಬೇಕು. ಹಿಮ್ಮಡಿ ಸ್ವಲ್ಪ ಸ್ವಲ್ಪವೇ ಇಳಿಸುವುದು. ಸೋಲ್‌ಗೆ ಚಾಕು ಮುಟ್ಟಿಸುವುದೇ ಇಲ್ಲ. ಇರುವ 9 ಮಿಲ್ಲಿಯಲ್ಲಿ ಕೆತ್ತಲಿಕ್ಕೆ ಎಂತ ಉಂಟು? ಬಿರುಕಿಗೆ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಹಾಕಿ, ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಸವರಿದ ಹತ್ತಿ. ಎರಡು ದಿನಕ್ಕೊಮ್ಮೆ ಬದಲು. ಮೈಲುತುತ್ತವನ್ನು ಹಸಿ ಮಾಂಸದ ಹತ್ತಿರ ತರಬೇಡಿ, ಸುಡುತ್ತದೆ.

ಇನ್ನು ಮೇವು. ರಕ್ತದಲ್ಲಿ ಇನ್ಸುಲಿನ್ ಏರಿದರೆ ಸಾಕು, ಗೊರಸು ಕೆಡುತ್ತದೆ. ಹಾಗಾಗಿ ತೌಡು, ಬೆಲ್ಲ ಬಂದ್. 350 ಕಿಲೋ ಮೈಗೆ ದಿನಕ್ಕೆ ಸುಮಾರು 5 ಕಿಲೋ ಒಣಹುಲ್ಲು, ತಣ್ಣೀರಲ್ಲಿ ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ. ನಮ್ಮ ಸೆಕೆಗೆ ಜಾಸ್ತಿ ಹೊತ್ತು ಬಿಟ್ಟರೆ ಹುಳಿ ವಾಸನೆ ಗ್ಯಾರಂಟಿ. ಲವಣವೂ ಸಕ್ಕರೆಯ ಜೊತೆ ತೊಳೆದುಹೋಗುವುದರಿಂದ ಮಿನರಲ್ ಮಿಕ್ಸ್ ತಪ್ಪಿಸುವಂತಿಲ್ಲ. ಘಟ್ಟದ ಮೇಲಿನಿಂದ ಬರುವ ಹುಲ್ಲಿನ ಕಟ್ಟು ಹೊರಗೆ ಬಂಗಾರ, ನಡುವೆ ಅಣಬೆ. ಬಿಚ್ಚಿ ಮೂಸಿ ನೋಡದೆ ದುಡ್ಡು ಕೊಡಬೇಡಿ. ‘ಬೆಲ್ಲ ಕೊಡಬೇಡಿ’ ಎಂದು ಬೋರ್ಡ್ ಹಾಕಿದರೆ ಜನ ಬಾಳೆಹಣ್ಣು ತರುತ್ತಾರೆ.

ಗೊರಸಿಗೆ ಹಾಕುವ ಬೂಟಿನ ಕಥೆ ಬೇರೆ. ಟ್ರಿಮ್ ಆದ ದಿನವೇ ಅಳೆದು ಅಗಲ, ಉದ್ದ ಎರಡೂ ಕಳಿಸಿದರೂ ಬಂದದ್ದು ಒಂದು ಸೈಜ್ ದೊಡ್ಡದು, ಎರಡೂ ಎಡಗಾಲಿನದ್ದು. ಬದಲಾಗಿ ಬಂದದ್ದಕ್ಕೆ 12 ಮಿ.ಮೀ. ಇವಿಎ ಫೋಮ್ ಹಾಸಿ, ಹಿಂದೆ ನೀರು ಹೋಗಲು 6 ಮಿ.ಮೀ.ಯ ಎರಡು ತೂತು ಕೊರೆದದ್ದಾಯಿತು. ರಾತ್ರಿ ಬಿಚ್ಚಿ ಒಣಗಿಸದಿದ್ದರೆ ಫ್ರಾಗ್ (ಗೊರಸಿನಡಿಯ ಮೆತ್ತನೆ ತ್ರಿಕೋನ) ಕೊಳೆಯುತ್ತದೆ.

ಅಂದಹಾಗೆ ಮುಂದಿನ ಕೆಲಸ ಲಾಯದ ಎದುರು 10 ಅಡಿ ಚೌಕದ ಒಣ ಜಾಗ: ಜಿಯೋಟೆಕ್ಸ್‌ಟೈಲ್ (ನೀರು ಇಳಿಸಿ ಮಣ್ಣು ತಡೆಯುವ ಬಟ್ಟೆ), ಅದರ ಮೇಲೆ 6 ಇಂಚು 40 ಎಂಎಂ ಜಲ್ಲಿ, ಮೇಲೆ 4 ಇಂಚು ದುಂಡು ಹೊಳೆಗಲ್ಲು. ಎಂ-ಸ್ಯಾಂಡ್ ಬೇಡ, ಒತ್ತಿಕೊಂಡು ಕಾಂಕ್ರೀಟ್ ಆಗುತ್ತದೆ. ಹೊಳೆಗಲ್ಲಿನ ರೇಟ್ ಕೇಳಿದರೆ ಮುತ್ತು ಮಾರುವವರ ಹತ್ತಿರ ಮಾತಾಡಿದ ಹಾಗಾಗುತ್ತದೆ.

ನಾಲ್ಕು ತಿಂಗಳಾಯಿತು, ಕೀವಿಲ್ಲ. ಕೂದಲ ಅಂಚಿನಿಂದ 32 ಮಿ.ಮೀ. ಹೊಸ ಗೋಡೆ ನೇರ ಕೋನದಲ್ಲಿ ಇಳಿದಿದೆ. ಟೋ ಒಟ್ಟು 82. ಹಳೇ ಬಿರುಕು ನೆಲ ತಲುಪಿ ಕತ್ತರಿಸಿ ಹೋಗಲು ಇನ್ನೂ ಆರು ತಿಂಗಳು, ಅದರಲ್ಲಿ ಒಂದು ಮಳೆಗಾಲ ಪೂರ್ತಿ.