ಪ್ಲಸ್ ಒಂದು, ಮೈನಸ್ ಮೂರು

ಅಂಗಳದ ಮರಕ್ಕೆ, ಗೋಡೆಗೆ ಬಣ್ಣದ ಬೆಳಕು ಬಿಡಬೇಕು ಅಂತ ಹೊರಟವರು ಮೊದಲು ಕೇಳುವುದು ಕಂಟ್ರೋಲರ್, ಅಂದರೆ ಬಣ್ಣ ಬದಲಿಸುವ ಡಬ್ಬಿ, ಯಾವುದು ಅಂತ. ನಾನು ಮೊದಲು ನೋಡುವುದು ಲೈಟಿನ ಬೆನ್ನಿನಿಂದ ಎಷ್ಟು ವೈರ್ ಹೊರಗೆ ಬಂದಿದೆ ಅಂತ.

ಎರಡಿದ್ದರೆ ಹೆಚ್ಚಾಗಿ ಒಂದೇ ಬಣ್ಣದ್ದು. ಮೂರಿದ್ದರೆ ಸಾಮಾನ್ಯವಾಗಿ ಒಳಗೆ ಡಬ್ಲ್ಯುಎಸ್2811 ತರದ ಚಿಪ್ ಇರುತ್ತದೆ: ಪ್ಲಸ್, ಮೈನಸ್, ಮತ್ತೆ ಡೇಟಾ, ಅಂದರೆ ಚಿಪ್ಪಿಗೆ ಬಣ್ಣ ಹೇಳುವ ಸಿಗ್ನಲ್. ನಾಲ್ಕಿದ್ದರೆ ನನಗೆ ಬೇಕಾದ ಲೈಟು ಅದೇ. 12 ವೋಲ್ಟ್ ಡಿಸಿ, ಒಂದು ಪ್ಲಸ್, ಕೆಂಪು ಹಸಿರು ನೀಲಿಗೆ ಒಂದೊಂದು ಮೈನಸ್. ಚಿಪ್ ಇರುವುದು ಕೆಟ್ಟದ್ದು ಅಂತಲ್ಲ. ಆದರೆ ಸ್ಪಾಟ್‌ಲೈಟುಗಳು ಒಂದು ಇಲ್ಲಿ, ಇನ್ನೊಂದು ಅಲ್ಲೆಲ್ಲೋ ಮೂಲೆಯಲ್ಲಿ ಕೂರುತ್ತವೆ. 5 ವೋಲ್ಟಿನ ಡೇಟಾ ಸಿಗ್ನಲ್ ಅಷ್ಟು ದೂರ ಹೋಗುವಷ್ಟರಲ್ಲಿ ಸೊರಗುತ್ತದೆ, ಲೈಟು ಮನಸ್ಸಿಗೆ ಬಂದ ಹಾಗೆ ಮಿಣುಕುತ್ತದೆ. ನಾಲ್ಕು ವೈರಿನದಕ್ಕೆ ಆ ತಲೆನೋವಿಲ್ಲ. ಬುದ್ಧಿಯೆಲ್ಲ ಮಳೆ ಬೀಳದ ಜಾಗದಲ್ಲಿ, ಡಬ್ಬಿಯೊಳಗೆ ಇರುತ್ತದೆ.

ನಮ್ಮ ಭಾವ ಮೇನ್ಸ್‌ಗೆ ಹಾಕುವ, ರಿಮೋಟ್ ಇರುವ ಲೈಟು ತಂದು, "ಇದನ್ನೂ ನಿನ್ನ ಡಬ್ಬಿಗೆ ಸೇರಿಸೋ" ಅಂದರು. ಆಗುವುದಿಲ್ಲ ಭಾವ ಅಂದೆ. ಅದರ ಕಂಟ್ರೋಲರ್ ಅದರ ಹೊಟ್ಟೆಯಲ್ಲೇ ಇದೆ. ಮೇನ್ಸ್ ಕೊಟ್ಟು ತೆಗೆದು ಮಾಡಬಹುದು, ಅಷ್ಟೇ. ಬಣ್ಣ ನಮ್ಮ ಮಾತು ಕೇಳುವುದಿಲ್ಲ.

ನಾಲ್ಕರಲ್ಲಿ ಪ್ಲಸ್ ಯಾವುದು? ವೈರಿನ ಬಣ್ಣ ನಂಬಬೇಡಿ. ಕೆಂಪು ವೈರ್ ಅನೇಕ ಸಲ ಪ್ಲಸ್ ಅಲ್ಲ, ಕೆಂಪು ಬಣ್ಣದ ಮೈನಸ್. ಕಪ್ಪು ವೈರೇ ಪ್ಲಸ್ ಆಗಿರುವ ಲೈಟುಗಳು ಬೇಕಾದಷ್ಟಿವೆ. ನಾನು 12 ವೋಲ್ಟ್ ಸಪ್ಲೈಯ (ಮೇನ್ಸ್ ಕರೆಂಟನ್ನು 12 ವೋಲ್ಟ್ ಡಿಸಿ ಮಾಡುವ ಪೆಟ್ಟಿಗೆ) ಪ್ಲಸ್‌ಗೆ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿ ಒಂದು ವೈರಿಗೆ ಹಿಡಿಯುತ್ತೇನೆ, ಸಪ್ಲೈ ಮೈನಸ್ಸನ್ನು ಉಳಿದ ಮೂರಕ್ಕೆ ಒಂದೊಂದಾಗಿ ಮುಟ್ಟಿಸುತ್ತೇನೆ. ಮೂರಕ್ಕೂ ಮೂರು ಬಣ್ಣ ಮಂಕಾಗಿ ಹೊತ್ತಿಕೊಂಡರೆ ಹಿಡಿದಿರುವುದೇ ಪ್ಲಸ್. ರೆಸಿಸ್ಟರ್ ಇರುವುದರಿಂದ ಹರಿಯುವುದು ಕೆಲವೇ ಮಿಲಿಆಂಪ್. ಗುರುತು ಸಿಕ್ಕ ಕೂಡಲೇ ಟೇಪ್ ಸುತ್ತಿ ಬರೆದುಬಿಡಿ, ನಾಳೆ ನೆನಪಿರುವುದಿಲ್ಲ.

ಇನ್ನು ಕಂಟ್ರೋಲರ್. ಪ್ಲಸ್ ಒಂದೇ ಆದ್ದರಿಂದ ಕಂಟ್ರೋಲರ್ ಅದನ್ನು ಮುಟ್ಟುವುದೇ ಇಲ್ಲ. ಪ್ಲಸ್ ಸಪ್ಲೈಯಿಂದ ಫ್ಯೂಸ್ ದಾಟಿ ನೇರ ಲೈಟಿಗೆ ಹೋಗುತ್ತದೆ. ಮೈನಸ್‌ಗಳು ಮಾತ್ರ ಕಂಟ್ರೋಲರಿಗೆ ವಾಪಸ್ ಬರುತ್ತವೆ. ಅಲ್ಲಿ ಚಾನೆಲ್‌ಗೊಂದು, ಅಂದರೆ ಬಣ್ಣಕ್ಕೊಂದು, ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಅದನ್ನು ಗ್ರೌಂಡಿಗೆ (ಸಪ್ಲೈಯ ಮೈನಸ್ಸಿಗೆ) ಸೇರಿಸಿ ಬಿಡಿಸಿ ಮಾಡುತ್ತದೆ, ಸೆಕೆಂಡಿಗೆ ನೂರಾರು ಸಲ. ಸ್ಟೇಜ್ ಲೈಟಿನವರ ಡಿಎಂಎಕ್ಸ್ ಡಿಕೋಡರ್ ಆಗಲಿ, ಇಎಸ್‌ಪಿ32 ಅನ್ನುವ ವೈಫೈ ಚಿಪ್ಪಿನಲ್ಲಿ ಡಬ್ಲ್ಯುಎಲ್‌ಇಡಿ ಅನ್ನುವ ಲೈಟಿನ ಸಾಫ್ಟ್‌ವೇರ್ ಹಾಕಿದ ಬೋರ್ಡ್ ಆಗಲಿ, ಕೆಲಸ ಇದೇ. ಕೊಳ್ಳುವಾಗ 'ಕಾಮನ್ ಆನೋಡ್' (ಎಲ್ಲ ಬಣ್ಣಕ್ಕೂ ಒಂದೇ ಪ್ಲಸ್) ಅಂತ ಇದೆಯಾ ನೋಡಿದರೆ ಸಾಕು.

ಬೋರ್ಡ್ ನೀವೇ ಮಾಡುವುದಾದರೆ ಒಂದು ಮಾತು. ಇಎಸ್‌ಪಿ32 ಕೊಡುವುದು 3.3 ವೋಲ್ಟ್. ಐಆರ್‌ಎಫ್540 ತರದ ಮಾಸ್‌ಫೆಟ್ ಸರಿಯಾಗಿ ತೆರೆದುಕೊಳ್ಳಲು ಗೇಟಿಗೆ, ಅಂದರೆ ಅದನ್ನು ಆನ್ ಮಾಡುವ ಕಾಲಿಗೆ, 10 ವೋಲ್ಟ್ ಬೇಕು. ಅರ್ಧಂಬರ್ಧ ತೆರೆದರೆ ಸುಮ್ನೆ ಬಿಸಿಯಾಗುತ್ತದೆ. 3.3 ವೋಲ್ಟಿಗೇ ತೆರೆಯುವ ಲಾಜಿಕ್ ಲೆವೆಲ್ ಮಾಸ್‌ಫೆಟ್ ಹಾಕಿ, ಅಥವಾ ನಡುವೆ ಆ ವೋಲ್ಟನ್ನು ಏರಿಸಿ ಕೊಡುವ ಗೇಟ್ ಡ್ರೈವರ್ ಇಡಿ. ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಬೋರ್ಡ್ ಆನ್ ಆಗುವಾಗ ಲೈಟೆಲ್ಲ ಒಮ್ಮೆ ಫಳ್ ಅನ್ನಬಹುದು. ಯಾವಾಗಲಾದರೂ ಒಂದು ಬಣ್ಣ ಆರುವುದೇ ಇಲ್ಲ ಅಂತಾದರೆ ಸಾಫ್ಟ್‌ವೇರ್ ಕೆದಕುತ್ತಾ ಕೂರಬೇಡಿ. ಮೊದಲು ಆ ಚಾನೆಲ್ಲಿನ ಮಾಸ್‌ಫೆಟ್ ಅಳೆಯಿರಿ. ಅದು ಸುಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿ, ಅಂದರೆ ಸದಾ ಆನ್ ಆಗಿಯೇ, ಕೂರುತ್ತದೆ.

ಈಗ ವೈರಿನ ದಪ್ಪ. ಇಲ್ಲೇ ಜನ ಲೆಕ್ಕ ಬಿಡುವುದು. 10 ವ್ಯಾಟಿನ ಲೈಟು ಬಿಳಿ ಬೆಳಕು ಕೊಡುವಾಗ ಸುಮಾರು 0.83 ಆಂಪ್ ಎಳೆಯುತ್ತದೆ. ಮೈನಸ್‌ಗಳು ಅದನ್ನು ಮೂವರು ಹಂಚಿಕೊಳ್ಳುತ್ತವೆ. ಪ್ಲಸ್ ಒಬ್ಬನೇ ಹೊರಬೇಕು. 0.75 ಎಂಎಂ (ಚದರ ಎಂಎಂ) ವೈರಿನ 20 ಮೀಟರಿಗೆ ಹೆಚ್ಚುಕಮ್ಮಿ ಅರ್ಧ ಓಮ್ ಬರುತ್ತದೆ. ಒಂದೇ ಲೈಟಾದರೆ ಪ್ಲಸ್‌ನಲ್ಲಿ 0.4 ವೋಲ್ಟ್ ಹೋಗುತ್ತದೆ, ಪರವಾಗಿಲ್ಲ. ಆ ತುದಿಯಲ್ಲಿ ಮೂರು ಲೈಟಿಗೆ ಅದೇ ಪ್ಲಸ್ ಕೊಟ್ಟರೆ ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಖರ್ಚು.

ಒಂದು ವೋಲ್ಟ್ ತಾನೇ ಅನ್ನಬೇಡಿ. ಇಂಥ ಲೈಟಿನಲ್ಲಿ ಮೂರು ಎಲ್‌ಇಡಿ ಸಾಲಾಗಿ ಇರುವುದೇ ಹೆಚ್ಚು. ಹಸಿರು ನೀಲಿಗೆ ಆ ಸಾಲು 9 ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೇಳುತ್ತದೆ, ಕೆಂಪಿಗೆ 6ರ ಮೇಲಿದ್ದರೆ ಸಾಕು. ಉಳಿದದ್ದು ಲೈಟಿನೊಳಗೇ ಇರುವ ರೆಸಿಸ್ಟರಿನ ಪಾಲು. ಹಸಿರು ನೀಲಿಗೆ ಉಳಿಯುವುದೇ ಎರಡೂವರೆ ವೋಲ್ಟಿನ ಆಸುಪಾಸು. ಅದರಲ್ಲಿ ಒಂದು ಹೋದರೆ ಕರೆಂಟ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಕೆಂಪಿಗೆ ಅಷ್ಟು ಪೆಟ್ಟಿಲ್ಲ. ಹಾಗಾಗಿ ದೂರದ ಲೈಟು ಬರೀ ಮಂಕಾಗುವುದಿಲ್ಲ, ಅದರ ಬಿಳಿ ಬಣ್ಣ ಕೆಂಪಿಗೆ ತಿರುಗುತ್ತದೆ. ಗೋಡೆಯ ಈ ತುದಿ ಹಾಲುಬಿಳಿ, ಆ ತುದಿ ಗುಲಾಬಿ ಕಂಡರೆ ಕಾರಣ ಹೆಚ್ಚಾಗಿ ಇದೇ. ಒಳಗೆ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ವೋಲ್ಟ್ ಇಳಿದರೂ ಕರೆಂಟ್ ಒಂದೇ ಸಮ ಇಡುವ ಚಿಪ್) ಇರುವ ಲೈಟಿನಲ್ಲಿ ಈ ಕಾಟ ಕಡಿಮೆ.

ಪರಿಹಾರ ಸಲೀಸು. ಪ್ಲಸ್‌ಗೆ ಮಾತ್ರ ಬೇರೆಯಾಗಿ ಒಂದೂವರೆ ಅಥವಾ ಎರಡೂವರೆ ಎಂಎಂ ವೈರ್ ಎಳೆಯಿರಿ. ಮೈನಸ್‌ಗಳು ಲೈಟಿಗೆ ಮೂರರಂತೆ ಬೇರೆಬೇರೆ ಬಂದರೆ ತೆಳ್ಳಗೇ ಇರಲಿ. ಸಪ್ಲೈ ಮೇಲೆ ಬರೆದಿರುವುದರ 80 ಶೇಕಡಾ ಮೇಲೆ ಹೊರಿಸಬೇಡಿ, ಮೇನ್ಸ್ ಬದಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಎರಡು ಸಪ್ಲೈ ಇದ್ದರೆ ಅವುಗಳ ಮೈನಸ್ ಸೇರಬೇಕು, ಪ್ಲಸ್ ಸೇರಬಾರದು. ಫ್ಯೂಸ್ ಪ್ರತಿ ಪ್ಲಸ್ ವೈರಿಗೂ ಒಂದು, ಸಪ್ಲೈ ಪಕ್ಕದಲ್ಲೇ. ಲೈಟಿನ ಪಕ್ಕ ಹಾಕಿದರೆ ನಡುವಿನ ವೈರನ್ನು ಕಾಯುವವರು ಯಾರು?

ನೀರು ಹೊಕ್ಕ ಜಾಯಿಂಟಿನಲ್ಲೂ ಮೊದಲು ಹಸಿರು ಹಿಡಿಯುವುದು ಪ್ಲಸ್ ತಾಮ್ರವೇ. ಡಿಸಿಯಲ್ಲಿ ಸವೆಯುವುದು ಆ ಬದಿ. ಬರೀ ಟೇಪ್ ಸುತ್ತಿದರೆ ಒಳಗೆ ಹೋದ ನೀರನ್ನು ಅದು ಹೊರಗೆ ಬಿಡುವುದಿಲ್ಲ. ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ಏರಿಸಿ. ಡಬ್ಬಿಗೆ ವೈರ್ ಕೆಳಗಿನಿಂದ ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಬಿರಡೆ) ಮೂಲಕ ಹೋಗಲಿ, ಹೋಗುವ ಮುಂಚೆ ಒಂದು ಬಾಗು ಕೆಳಕ್ಕೆ ಇಳಿದಿರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲ ಮುಗಿದ ಮೇಲೆ ನಾನು ಬಿಚ್ಚಿ ನೋಡುವುದು ಪ್ಲಸ್ ಜಾಯಿಂಟುಗಳನ್ನು ಮಾತ್ರ. ಅವುಗಳ ತಾಮ್ರ ಹಸಿರಾಗದೆ ಕೆಂಪಗೇ ಇದ್ದರೆ ಉಳಿದದ್ದರ ಗೋಜಿಗೆ ಹೋಗುವುದಿಲ್ಲ.