ಇವತ್ತು ಯಾರ ಪಾಳಿ?

ಹೋದ ತಿಂಗಳು ಗೊಂಬಿ ಫೋನ್ ಮಾಡಿದ್ದ. "ಡ್ರಾಯಿಂಗ್ ಸರ್ ಹೋದ್ರಲೇ" ಅಂದ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ಅವನ ಕಡೆಯಿಂದ ಪಾಲಿಶ್ ಪೇಪರಿನ ಸರಸರ ಸದ್ದು ಮಾತ್ರ ಕೇಳುತ್ತಿತ್ತು. ಕೈಯಲ್ಲಿ ಯಾವುದೋ ಗೊಂಬೆ ಇತ್ತು ಅನಿಸುತ್ತದೆ. ದುಃಖ ಆದಾಗಲೂ ಅವನ ಕೈ ಸುಮ್ಮನಿರುವುದಿಲ್ಲ.

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಜಾಸ್ತಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಆಗಲಿಲ್ಲ.

ನಮ್ಮದು 1992ರ ಎಸ್ಸೆಸ್ಸೆಲ್ಸಿ ಬ್ಯಾಚು. ನಮ್ಮೂರು ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇವತ್ತಿಗೂ ರಾಯಚೂರು ಜಿಲ್ಲೆ ಅಂತಲೇ ಇದೆ. ಆ ಕಾರ್ಡಿನ ವಿಷಯಗಳಲ್ಲಿ ಏನು ನೆನಪಿದೆ ಅಂತ ಮಾತ್ರ ಕೇಳಬೇಡಿ. ಗಣಿತದ ಸರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಹೊಡೆತ ಗ್ಯಾರಂಟಿ ಅನ್ನುವುದು ನೆನಪಿದೆ. ಗಣಿತ ನೆನಪಿಲ್ಲ.

ನಾವು ಮೂವರು. ಗೊಂಬಿ ದಿನಾ ಕಿನ್ನಾಳದಿಂದ ಬಸ್ಸಿಗೆ ಬರುತ್ತಿದ್ದ. ಕಟ್ಟಿಗೆಯ ಗೊಂಬೆ ಮಾಡುವ ಚಿತ್ರಗಾರರ ಮನೆಯ ಹುಡುಗ. ಎರಡನೆಯವನು ರೈಲು. ಅವರಪ್ಪ ಗ್ಯಾಂಗ್‌ಮನ್, ಮನೆಯಲ್ಲಿ ತೆಲುಗು, ವಾಸ ಸ್ಟೇಷನ್ನಿನ ಕ್ವಾರ್ಟರ್ಸು. ಆಗಿನ್ನೂ ನಮ್ಮೂರಿಗೆ ಮೀಟರ್‌ಗೇಜ್ ಗಾಡಿ. ಅದರ ಕೂಗು ಕೇಳಿಯೇ ಅವನು ಎಷ್ಟು ನಿಮಿಷ ಲೇಟು ಅಂತ ಹೇಳುತ್ತಿದ್ದ. ಮೂರನೆಯವನು ನಾನು, ಕ್ಯಾಪ್ಟನ್. ಈ ಹೆಸರನ್ನು ನನಗೆ ನಾನೇ ಇಟ್ಟುಕೊಂಡಿದ್ದೆ. ನಮ್ಮ ಓಣಿಯಲ್ಲಿ ಟೀವಿ ಇದ್ದ ಮನೆ ನಮ್ಮದೊಂದೇ. ಇದನ್ನು ಇಲ್ಲಿ ಹೇಳುವ ಅಗತ್ಯ ಇಲ್ಲ, ಆದರೂ ಹೇಳಿಬಿಟ್ಟೆ.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಏನು ಮಾಡಬೇಕು ಅನ್ನುವುದೇ ಜಗಳ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಪ್ರಪಂಚ ಇರಲಿಲ್ಲ. ರೈಲಿಗೆ ಗುಡ್ಡ ಹತ್ತಬೇಕು. ಗೊಂಬಿಗೆ ಎಲ್ಲಾದರೂ ನೆರಳಲ್ಲಿ ಕೂತು ಏನಾದರೂ ಕೆತ್ತಬೇಕು. ವಾದ ಮಾಡಿ ಮಾಡಿ ಗೊಂಬಿಯ ಬಸ್ಸಿನ ಹೊತ್ತಾಗುತ್ತಿತ್ತು. ಯಾವುದೂ ಆಗದೆ ಮೂವರೂ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಒಂದು ಶನಿವಾರ ಇದು ಕೈಕೈ ಮಿಲಾಯಿಸುವ ತನಕ ಹೋಯಿತು. ಅದೂ ಡ್ರಾಯಿಂಗ್ ರೂಮಿನಲ್ಲಿ. ಪರೀಕ್ಷೆಗೆ ಅಂತ ಇಟ್ಟಿದ್ದ ಹಾಳೆಗಳ ಕಟ್ಟಿನ ಮೇಲೆ ಮಸಿ ಬಾಟಲಿ ಬಿತ್ತು. ಸರ್ ಬಂದು ಬಾಗಿಲಲ್ಲಿ ನಿಂತರು. ಬಿಳಿ ಪೈಜಾಮ, ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ಸಿಲ್. ಬೆತ್ತ ಹಿಡಿಯುವವರಲ್ಲ, ಆದರೆ ಅವತ್ತು ಹಿಡಿಯುತ್ತಾರೆ ಅಂದುಕೊಂಡೆವು.

"ಏನ್ರೋ ಇದು?"

"ಸರ್, ಇವ ಒಟ್ಟ ಕ್ರಿಕೆಟ್ ಆಡಾಕ ಬರಂಗಿಲ್ರಿ" ಅಂದೆ ನಾನು. ಮಸಿಯ ಬಗ್ಗೆ ಕೇಳಿದ್ದು ಅಂತ ಆಮೇಲೆ ಹೊಳೆಯಿತು.

ಸರ್ ಊರು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಹರವುತ್ತಾ ತಮ್ಮ ಹೊಲದ ಕತೆ ತೆಗೆದರು. ಡ್ಯಾಂ ಮುಗಿದಿದ್ದು 1953ರಲ್ಲಿ. ಕಾಲುವೆಗೆ ನೀರು ಬಂತು, ನೀರಿನ ಹಿಂದೆಯೇ ಜಗಳವೂ ಬಂತು. "ನಮ್ಮ ಹೊಲ ಕಾಲುವಿ ಕೊನೀಗೆ. ಮ್ಯಾಲಿನವರು ರಾತ್ರಿ ತೂಬು ತೆಗದು ಕುಂತರ ನಮ್ಮ ಭತ್ತ ಒಣಗತಿತ್ತು. ಗುದ್ದಲಿ ಹಿಡಿದು ಹೊಡದಾಡಿದ್ರು ನಮ್ಮಪ್ಪಾರು. ಕಡೀಗೆ ಪಾಳಿ ಹಚ್ಚಿದ್ರು. ನೀವೂ ಪಾಳಿ ಹಚ್ರಿ."

ಒಂದು ಶನಿವಾರ ಒಬ್ಬನ ಪಾಳಿ. ಅವನು ಹೇಳಿದ್ದನ್ನು ಉಳಿದಿಬ್ಬರು ಮಾಡಬೇಕು. ಸುಮ್ನೆ ಜೊತೆಗೆ ಬಂದು ಕಟ್ಟೆ ಮೇಲೆ ಕೂರುವಂತಿಲ್ಲ, ಮಾಡಲೇಬೇಕು. ಮುಖ ಸೊಟ್ಟ ಮಾಡಿದವನ ಮುಂದಿನ ಪಾಳಿ ರದ್ದು. ಮೊದಲ ಪಾಳಿ ಯಾರದು ಅಂತ ಅಲ್ಲೇ ಮತ್ತೆ ಜಗಳ ಶುರುವಾಯಿತು. ಸರ್ ಮಸಿ ಹತ್ತಿದ ಹಾಳೆಯನ್ನೇ ಹರಿದು ಚೀಟಿ ಎತ್ತಿಸಿದರು.

ಬಂದಿದ್ದು ಗೊಂಬಿಯ ಹೆಸರು. ಬಾಡಿಗೆ ಸೈಕಲ್ ಮೇಲೆ ಕಿನ್ನಾಳಕ್ಕೆ ಹೋದೆವು. ಎರಡು ಸೈಕಲ್, ಮೂರು ಜನ. ಅವರ ಮನೆಯ ಪಡಸಾಲೆಯಲ್ಲಿ ತಲೆ ಇಲ್ಲದ ಗರುಡ, ಕಾಲಿಲ್ಲದ ಕಾಮಧೇನು ಸಾಲಾಗಿ ಕೂತಿದ್ದವು. ಮೂಗಿಗೆ ಹುಣಸೆಬೀಜದ ಅಂಟಿನ ವಾಸನೆ. ನನಗೆ ಹೊಟ್ಟೆ ತೊಳಸಿತು, ಆದರೆ ಮುಖ ಸೊಟ್ಟ ಮಾಡುವಂತಿರಲಿಲ್ಲ. ಗೊಂಬಿಯ ಅಜ್ಜ ನನ್ನ ಅಂಗೈಗೆ ಒಂದು ಉಂಡೆ ಕಿಟ್ಟ ಹಾಕಿದರು. ಗೋಣಿಚೀಲದ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದು. ಗೊಂಬೆಯ ಕೈ ಮೈಗೆ ಕೂಡುವ ಕಡೆ ಸಂದು ಇರುತ್ತದಲ್ವಾ, ಅಲ್ಲಿ ಇದನ್ನು ಹೆಬ್ಬೆರಳಿನಿಂದ ಒತ್ತಿ ತುಂಬಬೇಕು. ಜಾಸ್ತಿ ಒತ್ತಿದರೆ ಹೊರಗೆ ಉಬ್ಬುತ್ತದೆ, ಕಡಿಮೆ ಒತ್ತಿದರೆ ಒಣಗಿದ ಮೇಲೆ ಬಿರುಕು. ಒಂದು ಗಿಳಿಯ ರೆಕ್ಕೆ ಕೂರಿಸಲು ನನಗೆ ಒಂದು ತಾಸು ಹಿಡಿಯಿತು. ಅಜ್ಜ ಅದನ್ನು ತಿರುಗಿಸಿ ನೋಡಿ, "ಪರವಾಗಿಲ್ಲ, ಹಾರಂಗಿಲ್ಲ ಅಷ್ಟ" ಅಂದರು. ಸಂಜೆ ರೊಟ್ಟಿ, ಪುಂಡಿಪಲ್ಯ. ಮನೆಯಲ್ಲಿ ನಾನು ಪುಂಡಿಪಲ್ಯ ಮುಟ್ಟುತ್ತಿರಲಿಲ್ಲ. ಅಲ್ಲಿ ಎರಡು ಸಲ ಹಾಕಿಸಿಕೊಂಡೆ.

ಮುಂದಿನ ಶನಿವಾರ ನನ್ನ ಪಾಳಿ. ಗೊಂಬಿ ಒಂದು ಬ್ಯಾಟ್ ಮಾಡಿಕೊಂಡು ಬಂದಿದ್ದ. ಅಂಥ ಬ್ಯಾಟನ್ನು ನಾನು ಇವತ್ತಿಗೂ ಕಂಡಿಲ್ಲ. ಹಿಡಿಕೆಗೆ ಕೆಂಪು, ಹಿಂಬದಿಗೆ ಹಳದಿ ಬಳ್ಳಿ, ತುದಿಯಲ್ಲಿ ಹಸಿರು ಗಿಳಿ. ಕೈಗೆ ಹೂವಿನಷ್ಟು ಹಗುರ. ಹಗುರ ಇರದೆ ಏನು, ಅದು ಗೊಂಬೆ ಮಾಡುವ ಕಟ್ಟಿಗೆ. ರೈಲು ಕಾರ್ಕ್ ಬಾಲ್ ಎಸೆದ, ನಾನು ಬೀಸಿದೆ, ಗಿಳಿ ಒಂದು ಕಡೆ, ಹಿಡಿಕೆ ಒಂದು ಕಡೆ. ನಾನು ಬಾಯಿಗೆ ಬಂದಂತೆ ಬೈದೆ. ಗೊಂಬಿ ಚೂರುಗಳನ್ನು ಆರಿಸಿಕೊಂಡು ಹೋದ. ಕ್ರಿಕೆಟ್ ಅಂದರೆ ಏನು ಅಂತ ಗೊತ್ತಿಲ್ಲದವನು ಒಂದು ವಾರ ಕೂತು ನನಗೋಸ್ಕರ ಬ್ಯಾಟ್ ಕೆತ್ತಿದ್ದ. ಅದು ನನಗೆ ಅರ್ಥ ಆಗಲು ಎಷ್ಟು ವರ್ಷ ಬೇಕಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ವಾರ ಮಾತಿರಲಿಲ್ಲ. ಮತ್ತೆ ಮಾತು ಶುರುವಾಗಿದ್ದು ರೈಲಿನಿಂದ. "ನನ್ನ ಪಾಳಿ ನುಂಗಾಕ ಹತ್ತೀರೇನು ಇಬ್ರೂ?" ಅಂತ ಅವನು ಕೂಗಾಡಿದ.

ಅವನ ಪಾಳಿಯ ಶನಿವಾರ ಜನವರಿ 26ರ ಕವಾಯತಿನ ತಾಲೀಮು ಬಿತ್ತು. ಪಾಳಿ ತಪ್ಪಬಾರದಲ್ಲ, ಗುರುವಾರ ಮಧ್ಯಾಹ್ನವೇ ಕಾಂಪೌಂಡ್ ಹಾರಿದೆವು. ಹೋಗಿದ್ದು ಪಾಲ್ಕಿಗುಂಡಿಗೆ. ಹಿಸ್ಟರಿ ಕ್ಲಾಸಿನಲ್ಲಿ ವರ್ಷವಿಡೀ ಮಸ್ಕಿ ಶಾಸನದ ಮಾತು. ನಮ್ಮೂರಿನ ಗುಡ್ಡದ ಮೇಲೆಯೇ ಅಶೋಕನ ಎರಡು ಶಾಸನ ಇವೆ, ಒಂದು ಗವಿಮಠದ ಹತ್ತಿರ, ಇನ್ನೊಂದು ಪಾಲ್ಕಿಗುಂಡಿನಲ್ಲಿ ಅಂತ ನಮಗೆ ಹೇಳಿದ್ದು ಡ್ರಾಯಿಂಗ್ ಸರ್. ಬಿಸಿಲಿಗೆ ಬಂಡೆ ಕಾದ ಹಂಚಾಗಿತ್ತು. ನನಗೆ ಎತ್ತರ ಅಂದರೆ ಭಯ. ಕ್ಯಾಪ್ಟನ್ ಆದವನು ಅದನ್ನು ಹೇಳುವಂತಿಲ್ಲ. ಕೊನೆಯ ಬಂಡೆಯನ್ನು ಕಣ್ಣು ಮುಚ್ಚಿಕೊಂಡೇ ಹತ್ತಿದೆ. ಮೇಲೆ ಹೋಗಿ ಕಣ್ಣು ತೆರೆದರೆ ಎದುರಿಗೆ ಡ್ರಾಯಿಂಗ್ ಸರ್! ಚಪ್ಪಲಿ ಬಿಚ್ಚಿಟ್ಟು, ನೆರಳಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದಾರೆ.

ಓಡಬೇಕು ಅಂದರೂ ಇಳಿಯಲು ನನಗೆ ಬರುತ್ತಿರಲಿಲ್ಲ.

ಸರ್ ತಲೆ ಎತ್ತಿದರು. "ಇವತ್ತು ಯಾರ ಪಾಳಿ?"

ರೈಲು ಕೈ ಎತ್ತಿದ.

"ನಿಂದು ಮುಗೀತು. ಈಗ ನಂದು. ಕುಂದರ್ರಿ." ಮೂರು ಹಾಳೆ ಕೊಟ್ಟರು. ಹೊತ್ತು ಮುಳುಗುವ ತನಕ ಆ ಪಲ್ಲಕ್ಕಿಯಂಥ ಕಲ್ಲನ್ನು ಬರೆಸಿದರು. ಕಲ್ಲು ಬೂದು ಬಣ್ಣ ಅಂದುಕೊಂಡಿದ್ದೆ. ಐದು ಗಂಟೆಗೆ ಜೇನಿನ ಬಣ್ಣ ಬಂತು, ಆರಕ್ಕೆ ನೇರಳೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಎದುರು ಮೂವರನ್ನೂ ಮೊಣಕಾಲ ಮೇಲೆ ನಿಲ್ಲಿಸಿದರು. ಹೆಡ್‌ಮಾಸ್ತರರಿಗೆ ದೂರು ಕೊಟ್ಟವರೂ ಡ್ರಾಯಿಂಗ್ ಸರ್ ಅವರೇ.

ಈಗ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದವರು ಬಂದು ಪೋರ್ಷನ್ ಮುಗಿಸುವ ಪೀರಿಯಡ್. ನಮ್ಮ ಮನೆಯಲ್ಲಿ ಮೂರು ಜನ, ಮೂರು ಮೊಬೈಲ್, ಮೂರು ಸಿನಿಮಾ. ಯಾರಿಗೂ ಯಾರ ಪಾಳಿಯೂ ಬೇಕಿಲ್ಲ. ಮಗನಿಗೆ ಈ ಕತೆ ಹೇಳಿದರೆ "ಅಪ್ಪಾ, ನೂರನೇ ಸಲ" ಅನ್ನುತ್ತಾನೆ. ನಮ್ಮ ಬ್ರಾಂಚಿನಲ್ಲಿ ಮಾತ್ರ ರಜೆಯ ವಿಷಯಕ್ಕೆ ಜಗಳ ಬಂದರೆ ನನ್ನ ಹತ್ತಿರವೇ ಬರುತ್ತಾರೆ. ಐದು ನಿಮಿಷದಲ್ಲಿ ಮುಗಿಸುತ್ತೇನೆ. ಇದನ್ನು ನನ್ನ ಮೇಲಿನವರೂ ಒಪ್ಪುತ್ತಾರೆ.

ಸರ್ ದಿನಕರ್ಮಕ್ಕೆ ಮೂವರೂ ಕಾರಟಗಿ ಕಡೆ ಹೋಗಿದ್ದೆವು. ರೈಲು ಗುಂತಕಲ್‌ನಿಂದ ಬಂದಿದ್ದ, ತಲೆ ಪೂರ್ತಿ ಬೋಳು. ಸರ್ ಮನೆಯ ಗೋಡೆಯ ಮೇಲೆ ಪಾಲ್ಕಿಗುಂಡಿನ ಚಿತ್ರ ಇತ್ತು. ಮೂಲೆಯಲ್ಲಿ ಬೆರಳುದ್ದದ ಮೂರು ಹುಡುಗರು ಬೆನ್ನು ಮಾಡಿ ಕೂತಿದ್ದರು. ಒಬ್ಬ ಮಾತ್ರ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸರ್‌ಗೆ ಗೊತ್ತಾಗಿತ್ತು ಹಾಗಾದರೆ.

ವಾಪಸ್ ಕೊಪ್ಪಳಕ್ಕೆ ಬಂದು ಮಿರ್ಚಿ-ಮಂಡಾಳು ತಿನ್ನುವಾಗ ರೈಲು ತಕರಾರು ತೆಗೆದ. ಪರೀಕ್ಷೆ ಬಂತು ಅಂತ 1992ರಲ್ಲಿ ತನ್ನ ಒಂದು ಪಾಳಿ ಬಾಕಿ ಉಳಿಸಿದ್ದೇವಂತೆ. ಈಗಲೇ ಬೇಕು ಅಂದ. ನನಗೆ ಮೊಣಕಾಲು ನೋವು, ಗುಡ್ಡ ಅಂದಾನು ಅಂತ ಹೆದರಿದೆ.

"ಕ್ರಿಕೆಟ್" ಅಂದ.

ಶಾಲೆಯ ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಕಾಡಿ ಬೇಡಿ ಬ್ಯಾಟ್ ಇಸಿದುಕೊಂಡೆವು. ಗೊಂಬಿ ಅದನ್ನು ತಿರುಗಿಸಿ ನೋಡಿ, ಉಗುರಿನಿಂದ ತಟ್ಟಿ, "ಇದು ಮುರಿಯಂಗಿಲ್ಲ ಬಿಡು" ಅಂದ. ರೈಲು ಪ್ಯಾಂಟು ಮಡಚಿ ನಿಂತ. ನಾನು ಹಾಕಿದ ಮೊದಲ ಬಾಲಿಗೇ ಅವನ ಸ್ಟಂಪು ಬಿತ್ತು. ಟ್ರಯಲ್ ಬಾಲ್ ಅಂತ ವಾದಕ್ಕೆ ನಿಂತ.

"ಅಂಕಲ್, ಔಟ್ ಆಗೀರಿ, ಬ್ಯಾಟ್ ಕೊಡ್ರಿ" ಅಂತ ಒಬ್ಬ ಹುಡುಗ ಹಿಂದೆ ಹಿಂದೆ ಓಡುತ್ತಿದ್ದ. ರೈಲು ಕೊಡಲಿಲ್ಲ.