ಸ್ವಚಿತ್ರ ಯೋಜನೆ: ಆಟಿ (ತುಳುವರ ಮಳೆಗಾಲದ ತಿಂಗಳು) ತಿಂಗಳ ನಾಲ್ಕು ವಾರದ ದಾಖಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹೈಸ್ಕೂಲು ಮತ್ತು ಪ್ಲಸ್ ಟು ಮಕ್ಕಳು ತಮ್ಮ ಚಿತ್ರ ತಾವೇ ತೆಗೆಯುವ ಕೆಲಸದ ಟಿಪ್ಪಣಿ ಇದು. ಸಲಕರಣೆ ಇಷ್ಟೇ: ಮನೆಯಲ್ಲಿರುವ ಫೋನು, ಅದನ್ನು ನಿಲ್ಲಿಸಲು ಅಕ್ಕಿ ತುಂಬಿದ ತೆಂಗಿನ ಗೆರಟೆ, ಬಿಳಿ ಮುಂಡು, ಕೊಡೆ, ಸೀಮೆಸುಣ್ಣ.

ವಾರ 1: ಫೋನು ಕೈಬಿಟ್ಟದ್ದು

ಮೊದಲ ಕೆಲಸ ಮುಂದಿನ ಕ್ಯಾಮೆರಾ ಬಿಡುವುದು. ಕೈಚಾಚಿ ತೆಗೆದರೆ ಲೆನ್ಸಿನಿಂದ ಮೂಗಿಗೆ ಸುಮಾರು 30 ಸೆಂ.ಮೀ. ಕಿವಿ ಅದಕ್ಕಿಂತ ಹತ್ತು–ಹನ್ನೆರಡು ಸೆಂ.ಮೀ. ಹಿಂದೆ. ಅಂದರೆ ದೂರದಲ್ಲಿ ಮೂರನೇ ಒಂದರಷ್ಟು ವ್ಯತ್ಯಾಸ. ಮೂಗು ಉಬ್ಬಿ, ಕಿವಿ ಹಿಂದೆ ಸರಿದುಹೋಗುತ್ತದೆ. 1.5 ಮೀಟರ್ ದೂರದಲ್ಲಿ ಈ ವ್ಯತ್ಯಾಸ ಹತ್ತನೇ ಒಂದಕ್ಕಿಂತ ಕಡಿಮೆ. "ನನ್ನ ಮುಖವೇ ಸರಿ ಇಲ್ಲ" ಎನ್ನುವ ಮಕ್ಕಳಿಗೆ ಈ ಲೆಕ್ಕವನ್ನು ಮೊದಲು ತೋರಿಸಬೇಕು. ತಪ್ಪು ಮುಖದ್ದಲ್ಲ, ದೂರದ್ದು.

ಹಿಂದಿನ ಕ್ಯಾಮೆರಾ, 2 ಪಟ್ಟು ಲೆನ್ಸ್ ಇದ್ದರೆ ಅದು, 1.5ರಿಂದ 2 ಮೀಟರ್ ದೂರ. ಕುಳಿತು ತೆಗೆಯುವುದಾದರೆ ಫೋನು ಕಣ್ಣಿನ ಮಟ್ಟಕ್ಕೆ ಬರಬೇಕು. ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ, ಮೇಲೆ ಗೆರಟೆ ಇಟ್ಟು, ಅಕ್ಕಿಯಲ್ಲಿ ಫೋನಿನ ಅಂಚು ಎರಡು ಬೆರಳು ಹೂತರೆ ಅಲುಗುವುದಿಲ್ಲ. ಚಾರ್ಜಿಂಗ್ ತೂತಿಗೆ ಕಾಳು, ಧೂಳು ಹೋಗದಂತೆ ಆ ತುದಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಬೇಕು. ಬ್ಯೂಟಿ ಮೋಡ್ ಆಫ್. ಲೊಕೇಶನ್ ಕೂಡ ಆಫ್. ಚಿತ್ರದ ಜೊತೆ ಮನೆಯ ಜಾಗ ದಾಖಲಾಗುವುದು ಬೇಡ.

ವಾರ 2: ಫೋಕಸ್ಸು, ಬೆಳಕು

ಟೈಮರ್ ಒತ್ತುವಾಗ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಕ್ಯಾಮೆರಾ ಹಿಂದಿನ ಗೋಡೆಗೆ ಫೋಕಸ್ ಮಾಡಿಕೊಳ್ಳುತ್ತದೆ. ಈ ವಾರ ಹಾಳಾದ ಚಿತ್ರಗಳಲ್ಲಿ ಹೆಚ್ಚಿನವು ಇದರಿಂದಲೇ. ಉಪಾಯ: ಮುಖ ಬರುವ ಎತ್ತರಕ್ಕೆ ಕೊಡೆಯ ಹಿಡಿ ಬರುವಂತೆ ಕುರ್ಚಿಗೆ ಕಟ್ಟುವುದು, ಪರದೆಯ ಮೇಲೆ ಆ ಹಿಡಿಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡುವುದು, ಕೊಡೆ ತೆಗೆದು ಅಲ್ಲೇ ಕೂರುವುದು. ಕುರ್ಚಿಯ ಕಾಲಿಗೆ ಸೀಮೆಸುಣ್ಣದ ಗುರುತು. ಮಳೆಗಾಲದ ತೇವದ ನೆಲಕ್ಕೆ ಟೇಪು ಅಂಟುವುದಿಲ್ಲ.

ಆಟಿಯ ಮೋಡ ಮುಖಕ್ಕೆ ಒಳ್ಳೆಯ ಬೆಳಕು. ಇಡೀ ಆಕಾಶವೇ ಪರದೆ ಕಟ್ಟಿದಂತೆ. ಆದರೆ ಮಾಡಿನ ಕೆಳಗೆ ಬೇಗ ಕತ್ತಲಾಗುತ್ತದೆ. ಮಧ್ಯಾಹ್ನ ಜಗಲಿಯಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) 200, ಶಟರ್ (ಬೆಳಕು ಒಳಬಿಡುವ ಹೊತ್ತು) 1/80 ಸೆಕೆಂಡಿನ ಆಸುಪಾಸು. ಒಳಗೆ ಕಿಟಕಿಯ ಪಕ್ಕ ಐಎಸ್‌ಒ 400. ಶಟರ್ 1/60ಕ್ಕಿಂತ ನಿಧಾನವಾದರೆ ಮಾತಾಡುವ ತುಟಿ ಮಸುಕಾಗುತ್ತದೆ. ಕಿಟಕಿಗೆ ಅಡ್ಡವಾಗಿ ಕುಳಿತು, ಅರ್ಧ ಮುಖ ಬೆಳಕಿಗೆ, ಅರ್ಧ ನೆರಳಿಗೆ. ನೆರಳು ತೀರಾ ಕಪ್ಪಾದರೆ ಆ ಕಡೆಯ ಇನ್ನೊಂದು ಕುರ್ಚಿಯ ಬೆನ್ನಿಗೆ ಬಿಳಿ ಮುಂಡು ಹಾಕಿದರೆ ಸಾಕು.

ಬಣ್ಣದ ತೊಂದರೆ ನಮ್ಮ ಊರಿನದ್ದೇ. ಸಾರಣೆಯಿಲ್ಲದ ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಗೋಡೆಯೂ ಕಾವಿ ನೆಲವೂ ಗಲ್ಲದ ಕೆಳಗೆ ಕೆಂಪು ಎಸೆಯುತ್ತವೆ; ಅಡಿಕೆ ತೋಟದೊಳಗೆ ಕೂತರೆ ಕೆನ್ನೆ ಹಸಿರು. ನೆಲಕ್ಕೆ ಬಿಳಿ ಬಟ್ಟೆ ಹಾಸಿದರೆ ಕೆಂಪು ಹೋಗುತ್ತದೆ. ಹಸಿರಿಗೆ ಮದ್ದು ತೋಟದಿಂದ ಹೊರಬರುವುದು, ಇಲ್ಲವೇ ಕಪ್ಪು–ಬಿಳುಪು. ಕಿಟಕಿಯ ಸುತ್ತ ಮಂಜು ಕವಿದಂತೆ ಕಂಡರೆ ಅದು ಲೆನ್ಸಿನ ಮೇಲಿನ ಬೆರಳಿನ ಎಣ್ಣೆ. ತೊಳೆದು ಒಣಗಿಸಿದ ಹಳೆಯ ಬೈರಾಸಿನಿಂದ (ತೆಳು ಟವೆಲ್) ಒರೆಸಬೇಕು.

ವಾರ 3: ಭಾವ

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. 10 ಸೆಕೆಂಡಿನ ಟೈಮರ್‌ನಲ್ಲಿ ಒಂದೇ ಚಿತ್ರ ತೆಗೆದರೆ ಮುಖ ಆ ಹತ್ತೂ ಸೆಕೆಂಡು ಬಿಗಿದು ಕಾಯುತ್ತದೆ. ಸಿಗುವುದು ಕಾಯುವ ಮುಖ. 3 ಸೆಕೆಂಡಿಗೊಂದರಂತೆ ತಾನಾಗಿ ತೆಗೆಯುವ ಇಂಟರ್ವಲ್ ಹಾಕಿ 60 ಚಿತ್ರ ಆಗುವವರೆಗೆ ಬಿಡಿ. ಮೂರು ನಿಮಿಷ. ಮೊದಲ ಹದಿನೈದು ಎಲ್ಲರದ್ದೂ ಗುರುತುಚೀಟಿಯ ಫೋಟೋದಂತಿರುತ್ತವೆ. ಆಮೇಲೆ ಮುಖ ಸಡಿಲವಾಗುತ್ತದೆ. ನಗು ತರಿಸಲು ಹೋಗುವುದಕ್ಕಿಂತ ಈ ಕಾಯುವಿಕೆ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೈಗೆ ಕೆಲಸ ಕೊಟ್ಟರೆ ಇನ್ನೂ ಬೇಗ: ಮಲ್ಲಿಗೆ ಕಟ್ಟುವುದು, ಜಡೆ ಹೆಣೆಯುವುದು, ಅಡಿಕೆ ಸುಲಿಯುವುದು. ಕೆಲಸ ನಿಜವಾಗಿ ಬರಬೇಕು. ಬಾರದ ಕೆಲಸದ ನಟನೆ ಹುಬ್ಬಿನಲ್ಲೇ ಗೊತ್ತಾಗುತ್ತದೆ. ಮಾತೂ ಸಹಾಯಕ್ಕೆ ಬರುತ್ತದೆ. ಮನೆಯ ಮಾತು ತುಳುವೋ ಹವ್ಯಕವೋ ಮಲಯಾಳವೋ ಕೊಂಕಣಿಯೋ ಇರಲಿ, ಅದರಲ್ಲೇ ಒಂದು ವಾಕ್ಯ ಹೇಳಿ ನಿಲ್ಲಿಸುವುದು. ಮಾತಿನ ನಡುವೆ ಬಾಯಿ ವಕ್ರವಾಗಿ ಬರುತ್ತದೆ. ವಾಕ್ಯ ಮುಗಿದ ಮರುಕ್ಷಣದಲ್ಲಿ ಕಣ್ಣಿನಲ್ಲಿ ಆ ಮಾತು ಇನ್ನೂ ಉಳಿದಿರುತ್ತದೆ.

ತೆಂಕುತಿಟ್ಟಿನ ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕನ್ನಡಿ ಮುಂದೆ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚುವ ಕಲಾವಿದನನ್ನು ಈ ಮಕ್ಕಳು ನೋಡಿಯೇ ಇರುತ್ತಾರೆ. ಆತ ನೋಡುವುದು ಚಂದವನ್ನಲ್ಲ, ಗೆರೆ ಎಲ್ಲಿ ಬರಬೇಕು ಎಂಬುದನ್ನು. ಅದೇ ನೋಟ ಇಲ್ಲಿಗೂ ಬೇಕು.

ವಾರ 4: ಆಯ್ಕೆ

ತೆಗೆದ ದಿನವೇ ಆರಿಸಬಾರದು, ಒಂದು ರಾತ್ರಿ ಕಳೆಯಲಿ. ಕನ್ನಡಿಯಲ್ಲಿ ನೋಡಿ ಅಭ್ಯಾಸವಾದದ್ದು ತಿರುಗಿದ ಮುಖ, ಹಿಂದಿನ ಕ್ಯಾಮೆರಾ ಕೊಡುವುದು ಇತರರು ಕಾಣುವ ಮುಖ. ಮೊದಲ ನೋಟಕ್ಕೆ ಬೈತಲೆ, ಹುಬ್ಬು ಎಲ್ಲ ವಾರೆ ಅನ್ನಿಸುತ್ತದೆ. ಅರುವತ್ತರಲ್ಲಿ ಮೂರು ಉಳಿಸಿ, 4×6 ಇಂಚಿಗೆ ಅಚ್ಚು ಹಾಕಿಸುವುದು. ಇಂಚಿಗೆ 300 ಚುಕ್ಕಿಯಂತೆ 1200×1800 ಪಿಕ್ಸೆಲ್ ಸಾಕು. ತಿದ್ದುವುದು ಬೆಳಕು ಮತ್ತು ಕ್ರಾಪ್ ಮಾತ್ರ, ಮೊಡವೆ ಅಳಿಸುವುದಿಲ್ಲ. ಶಾಲೆಯ ಬ್ಯಾಡ್ಜ್, ಮನೆಯ ಹೆಸರಿನ ಫಲಕ ಕಂಡರೆ ಹೊರಗೆ ಕಳಿಸುವ ಪ್ರತಿಯಲ್ಲಿ ಕತ್ತರಿಸಬೇಕು.

ಮುಂದಿನ ವಾರ ಮುಖ ತೋರಿಸದ ಸ್ವಚಿತ್ರ. ಅಮೆರಿಕದ ಫ್ರಾನ್ಸೆಸ್ಕಾ ವುಡ್‌ಮನ್ 13ನೇ ವಯಸ್ಸಿನಲ್ಲಿ ತೆಗೆದುಕೊಂಡ ಚಿತ್ರದಲ್ಲಿ ಮುಖ ಕೂದಲಲ್ಲಿ ಮರೆಯಾಗಿದೆ, ಶಟರ್ ಎಳೆದ ಕೇಬಲ್ ಮುಂದೆ ಮಸುಕಾಗಿ ಕಾಣುತ್ತದೆ. ಮಕ್ಕಳು ಬೆನ್ನು, ಕೈ, ಒದ್ದೆ ಅಂಗಳದಲ್ಲಿ ಬಿದ್ದ ಪ್ರತಿಬಿಂಬ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಪ್ರತಿಬಿಂಬ ತೆಗೆಯುವವರು ಫೋಕಸ್ಸನ್ನು ನೀರಿನ ಮೇಲ್ಮೈಗೆ ಅಲ್ಲ, ನೀರಿನೊಳಗೆ ಕಾಣುವ ತಮ್ಮ ರೂಪಕ್ಕೆ ಇಡಬೇಕು.